ಹತ್ತೊಂಬತ್ತನೇ ಪೈಲ್ವಾನ

ಜೋಡಿಗದಾ ಚಹಾಪುಡಿ, ಕಾಲು ಕಿಲೋ ಪಾಕೀಟು,
ಒಳಗೊಬ್ಬ ಪೈಲ್ವಾನ.
ಅಂಗೈಯಷ್ಟು ರಟ್ಟು. ಮುಂದ ಚಿತ್ರ,
ಹಿಂದ ಊರು, ಎತ್ತರ, ತೂಕ, ಗೆದ್ದ ಕುಸ್ತಿ.
ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ಎರಡ ವರ್ಷ ಬಂದ್ವು.
ಆಮ್ಯಾಲೆ ಕಂಪನೀನೂ ಚಿತ್ತಾತು.

ಅವ್ವ ಡಬ್ಬಿಗೆ ಸುರವೂತನಕ ನನಗ ದಮ್ಮಿಲ್ಲ.
ಮೊಣಕೈಮಟಾ ಪುಡ್ಯಾಗ ಕೈ ಇಟ್ಟು ತಡಕತಿದ್ನಿ,
ಬಾವ್ಯಾಗ ಬಿದ್ದ ಕೊಡ ಹುಡುಕಿದಂಗ.
ಅಪ್ಪ ಬಟ್ಟಲದಾಗಿಂದ ಮಾರಿ ಎತ್ತಿ ಅಂತಿದ್ದ:
"ಇವತ್ತ ಚಹಾಕ್ಕ ಹುಡುಗನ ಬೆವರ ವಾಸನಿ ಐತಿ."

ಒಟ್ಟು ಇಪ್ಪತ್ನಾಕು. ಇಪ್ಪತ್ಮೂರು ನನ್ನ ಹತ್ರ ಅದಾವ.
ಏಳನೇದು ಗೋಕಾಕ ಸಂತ್ಯಾಗ
ಹಳೇ ಪಂಚಾಂಗದ ನಡುವ ಸಿಕ್ಕಿತು.
ಹನ್ನೆರಡನೇದಕ್ಕ ಕೈಗಡಿಯಾರ ಬಿಚ್ಚಿ ಕೊಟ್ನಿ.
ಹದಿನಾರನೇದು, ಸುಳ್ಳ್ಯಾಕ ಹೇಳ್ಲಿ, ಕದ್ದದ್ದು,
ಗೆಳೆಯನ ಭೂಗೋಲ ಪುಸ್ತಕದಾಗಿಂದ.
ಅಂವ ಮನಿಗೆ ಬಂದ್ರ ಈಗೂ
ಆ ಪುಟ ತೆಗಿಯಂಗಿಲ್ಲ ನಾನು.

ಹತ್ತೊಂಬತ್ತು ಮಾತ್ರ ಇಲ್ಲ.
ಅದಕ್ಕ ಬಂಗಾರದ ಅಂಚಂತ, ಸಾವಿರಕ್ಕೊಂದಂತ.
ಕಂಡವರು ಯಾರೂ ಇಲ್ಲ,
ಎಲ್ಲಾರ ಕಾಕಾನೂ ಕಂಡಿದ್ದ.
ಅಂಗಡಿ ಗೋಡಿಯಿಂದ ಕಿತ್ತ ಯಾದಿಯೊಂದು ನನ್ನ ಹತ್ರ ಐತಿ:
೧೯. ಭರಮು, ತೇರದಾಳ.
ಎತ್ತರ ಆರು ಫೂಟು ಎರಡು ಇಂಚು.
ತೂಕ ನೂರಾ ನಾಕು ಕಿಲೋ. ಸೋಲು: ಇಲ್ಲ.
ಹದಿನೇಳರ ಮಗ್ಗಿ ಮರತೀನಿ, ಇದನ್ನ ಮರತಿಲ್ಲ.

ಮೀಟರ ಓದೂದು ನನ್ನ ಉದ್ಯೋಗ.
ಹ್ವಾದ ವರ್ಷ ಜಮಖಂಡಿಯಿಂದ ತೇರದಾಳಕ್ಕ ಹಾಕಿದ್ರು.
ನೇಕಾರ ಓಣ್ಯಾಗ ಮಗ್ಗದ ಸಪ್ಪಳಕ್ಕ
ಮಾತನ್ನೋದು ಕೂಗಿ ಆಡಬೇಕು.
ಕಡೀ ಮನಿ ಸಾಂವಕ್ಕನದು. ಮೀಟರು ದೇವರ ಮಾಡಿನ ಬಾಜೂಕ.
ದೀಪದ ಮಸಿ ಒರಸಿ ಅಂಕಿ ನೋಡಾಕ ಬಗ್ಗಿದ್ನಿ,
ದೇವರ ಸಾಲಿನ್ಯಾಗ ಅಂವ ನಿಂತಿದ್ದ.

ಬಂಗಾರದ ಅಂಚು ಎಣ್ಣಿ ಕುಡದು ಅರ್ಧ ಕರಗಿತ್ತು.
ಒಂದ ಮೂಲಿ ಇಲಿ ತಿಂದಿತ್ತು.
ಹಣಿ ತುಂಬ ಕುಂಕುಮ, ಒಂದರ ಮ್ಯಾಲೊಂದು,
ನಲವತ್ತೈದು ವರ್ಷದ್ದು, ದಪ್ಪಗ, ತೊಗಟಿಯಂಗ.
ನಮ್ಮ ಲೆಕ್ಕದಾಗ ಇಂಥಾದ್ದಕ್ಕ ಕಿಮ್ಮತ್ತಿಲ್ಲ.
ಕೈ ಮಾತ್ರ ನಡಗಾಕ ಹತ್ತಿತ್ತು.

"ಎಲ್ಲಿ ಸಿಕ್ತು ಬೇ ಇದು?"
"ಚಹಾದಾಗ ಬಂದ. ಅಂವ ತೀರಿದ ಮರುವರ್ಷ."

"ಐದ ಸಾವಿರ ಕೊಡ್ತೀನಿ" ಅಂತ ಕೂಗಿದ್ನಿ.
ಕೂಗೂದಕ್ಕೂ ಕರೆಂಟು ಹೋಗೂದಕ್ಕೂ ಸರೀ ಆತು.
ಓಣೀ ಮಗ್ಗೆಲ್ಲಾ ಒಮ್ಮೆಲೆ ನಿಂತ್ವು.
ನನ್ನ ಐದ ಸಾವಿರ ಒಂದ
ನಡುಮನ್ಯಾಗ ಬತ್ತಲೆ ನಿಂತಂಗಾತು.

ಸಾಂವಕ್ಕ ಸಿಟ್ಟಾಗಲಿಲ್ಲ.
"ಹಿಂದ ಏನ ಬರದಾರ ಓದಪಾ, ನನಗ ಅಕ್ಷರ ಬರಂಗಿಲ್ಲ."
ಓದೂದೇನು, ನೋಡಲಾರದ ಹೇಳಿದ್ನಿ.
ಆರು ಫೂಟು ಎರಡು ಇಂಚು ಅನ್ನೂದ ತಡ
ಹಲ್ಲಿಲ್ಲದ ಬಾಯಿ ತಗದು ನಕ್ಕಳು.
"ಈ ಬಾಗಲಾ ನೋಡು, ಐದೂವರಿ.
ನಮ್ಮಣ್ಣ ಒಂದ ದಿನಾನೂ ಬಗ್ಗಿ ಒಳಗ ಬಂದಾಂವಲ್ಲ."
ತೂಕ?
"ಹುಟ್ಟಿದಾಗಿಂದ ಉಂಡದ್ದೆಲ್ಲಾ ಕೂಡಿಸ್ಯಾರೇನೋ."
ಸೋಲು ಇಲ್ಲ ಅಂದ್ನಿ.
ಅಲ್ಲಿ ಆಕಿ ನಗಲಿಲ್ಲ.
ಸೆರಗಿಲೆ ಚಿತ್ರದ ಮಾರಿ ಒರಸಿದ್ಳು, ಕುಂಕುಮ ಬಿಟ್ಟು.
"ಬನಹಟ್ಟಿಯಿಂದ ಬಂದ ರಾತ್ರಿ
ಬಿಸಿನೀರು ಹಾಕಿದಾಕಿ ನಾನ.
ಬೆನ್ನ ತುಂಬ ಕೆಮ್ಮಣ್ಣು.
ಯಾರ ಮುಂದೂ ಹೇಳಬ್ಯಾಡ ಅಂದ. ಹೇಳಿರಲಿಲ್ಲ."

ಕರೆಂಟು ಬಂತು. ಮಗ್ಗ ಹೊಂಟ್ವು.
ಮೀಟರಿನ ಅಂಕಿ ಬರಕೊಳ್ಳೂದ ಮರತು
ಹೊರಗ ಹೆಜ್ಜಿ ಇಟ್ನಿ, ಬಾಗಲಾ ಹಣಿಗೆ ಬಡೀತು.

ರಾತ್ರಿ ಪುಸ್ತಕ ತಗದ್ನಿ.
ಹದಿನೆಂಟು, ಇಪ್ಪತ್ತರ ನಡುವಿನ ಖಾಲಿ ಕಿಸೇಕ್ಕ
ರಟ್ಟು ಕತ್ತರಿಸಿ ಪೆನ್ಸಿಲ್ಲಿಲೆ ಬರದ್ನಿ:
ಭರಮು. ಎತ್ತರ, ಬಾಗಲಾಕಿಂತ ಕಡಿಮಿ.
ತೂಕ, ತಂಗಿಗೆ ಗೊತ್ತು.
ಸೋಲು,
ಅಲ್ಲಿಗೆ ಬಿಟ್ನಿ. ಯಾರ ಮುಂದೂ ಬ್ಯಾಡ ಅಂದಿದ್ನಲ್ಲ.

ಉಳದ ಇಪ್ಪತ್ಮೂರು ಮಂದೀನ ಒಬ್ಬೊಬ್ಬರನ್ನ ಹೊರಗ ತಗದು
ಲೈಟಿನ ಬುಡಕ ಡಬ್ಬ ಹಾಕಿ ನೋಡಿದ್ನಿ.
ಒಬ್ಬರ ಬೆನ್ನಿಗೂ ಮಣ್ಣಿಲ್ಲ.